ಕೋಳಿಗರಿಯ ಏಡಿ

ನವೆಂಬರ್ 9, 2024, ಶನಿವಾರ

ಹುಡುಕುವುದನ್ನು ನಿಲ್ಲಿಸಿದ್ದಾರಂತೆ. ಒಮಾನಿನ ಕ್ಯಾಂಪಿನ ಮ್ಯಾನೇಜರ್ ಬೆಳಿಗ್ಗೆ ನಿಝಾಮನಿಗೆ ಫೋನ್ ಮಾಡಿದ್ದನಂತೆ. ನಿಝಾಮ್ ಇವರ, ಅಂದರೆ ನನ್ನ ಗಂಡನ, ತಮ್ಮ. ನನ್ನ ಮುಖ ನೋಡಿ ಹೇಳುವ ಧೈರ್ಯ ಸಾಲದೆ ಅಡುಗೆಮನೆಯ ಬಾಗಿಲಲ್ಲಿ ನೆಲ ನೋಡುತ್ತಾ ಹೇಳಿದ. ದೋಣಿಯವರು ನೋಡಿದರು, ಪೊಲೀಸರು ನೋಡಿದರು, ಇನ್ನು ನೋಡಲಿಕ್ಕೆ ಏನೂ ಇಲ್ಲ ಅಂತ. ಏನೂ ಇಲ್ಲ ಎಂದರೆ? ಸಮುದ್ರ ಮುಗಿದುಹೋಯಿತೇ?

ಯಾರ ಹತ್ತಿರವೂ ಆಡಲಾಗದ ಮಾತು ಹೊಟ್ಟೆಯೊಳಗೆ ಕೊಳೆಯುತ್ತದೆ. ಅದಕ್ಕೇ ಬರೆಯಲು ಕುಳಿತಿದ್ದೇನೆ. ಇವರು ಬಂದ ಮೇಲೆ ಹರಿದು ಒಲೆಗೆ ಹಾಕಿದರಾಯಿತು.

ನಮ್ಮ ಪಾಣೆಮಂಗಳೂರಿನ ಗಂಡಸರು ಗಲ್ಫಿಗೆ ಹೋಗುವುದು ಹೊಸತಲ್ಲ. ಒಬ್ಬ ಡ್ರೈವರ್, ಒಬ್ಬ ಅಂಗಡಿಯಲ್ಲಿ, ಇನ್ನೊಬ್ಬ ಆಫೀಸಿನಲ್ಲಿ. ನನ್ನ ಗಂಡ ನಿಝಾರ್ ಮಾತ್ರ ಮೀನು ತೋರಿಸಲು ಹೋದವರು. ಒಮಾನಿನ ತೆಂಕಣ ಕರಾವಳಿಯಲ್ಲಿ ಇವರು ಕೆಲಸ ಮಾಡುವ ಕ್ಯಾಂಪು. ದೂರದೂರದ ದೇಶಗಳಿಂದ ಸಾಹುಕಾರರು ಬರುತ್ತಾರೆ. ಗರಿ, ನೂಲು ಕಟ್ಟಿದ ಹಗುರ ಗಾಳವನ್ನು ಉದ್ದ ದಾರದಲ್ಲಿ ಬೀಸಿ ಎಸೆಯುತ್ತಾರೆ. ಆ ಗಾಳಕ್ಕೆ ಫ್ಲೈ ಎಂದು ಹೆಸರು. ಮೀನು ಎಲ್ಲಿದೆ ಎಂದು ಇವರು ತೋರಿಸಬೇಕು. ಹಿಡಿದ ಮೇಲೆ ಒಂದು ಫೋಟೋ, ಆಮೇಲೆ ಮೀನನ್ನು ಸಮುದ್ರಕ್ಕೇ ಬಿಡುವುದು. ಮೊದಲ ಸಲ ಕೇಳಿದಾಗ ಮಾಮಿ, ಅಂದರೆ ಇವರ ತಾಯಿ ಪಾತುಮ್ಮ, "ಹಿಡಿದ ಮೀನನ್ನು ಬಿಡುವುದಾ? ಅದಕ್ಕೆ ಸಂಬಳ ಕೊಡುವವರಿಗೆ ಎಂತ ಮರ್ಲಾ, ತಲೆ ಸರಿ ಇಲ್ವಾ?" ಎಂದು ಬಾಯಿಗೆ ಸೆರಗು ಹಿಡಿದು ನಕ್ಕಿದ್ದರು.

ಕಳೆದ ತಿಂಗಳು ಒಂದು ಅಲೆ ಇವರನ್ನು ಬಂಡೆಯ ಬುಡದಿಂದ ಎಳೆದುಕೊಂಡು ಹೋಯಿತು. ಅಷ್ಟೇ ಗೊತ್ತಿರುವುದು.

ಮಧ್ಯಾಹ್ನ ಮಾಮಿ ನನ್ನ ಪಕ್ಕ ಬಂದು ಕುಳಿತರು. ಅಳುತ್ತಾರೆ ಎಂದುಕೊಂಡೆ. ಅಳಲಿಲ್ಲ. "ಸಜ್ನಾ, ಇನ್ನು ಮಯ್ಯಿತ್ ನಮಾಝ್ ಮಾಡಿಸುವ" ಎಂದರು. ಊರಿನವರು ದೂರದಲ್ಲಿ ತೀರಿಕೊಂಡರೆ, ಹೆಣ ಇಲ್ಲಿ ಇಲ್ಲದಿದ್ದರೂ, ನಮ್ಮ ಮಸೀದಿಯಲ್ಲಿ ಶುಕ್ರವಾರದ ನಮಾಝಿನ ನಂತರ ಅವರಿಗಾಗಿ ಆ ನಮಾಝ್ ಮಾಡುತ್ತಾರೆ. ಮಸೀದಿಯ ಗುರು ಉಸ್ತಾದರ ಹತ್ತಿರ ಮಾಮಿ ಆಗಲೇ ಕೇಳಿಸಿಯೂ ಆಗಿದೆ. ಕಣ್ಣಾರೆ ಕಂಡವರು ಹೇಳಬೇಕು, ಹೆಂಡತಿಯೂ ಒಪ್ಪಬೇಕು ಎಂದರಂತೆ.

ಹೆತ್ತ ತಾಯಿ ಹೀಗೆ ಹೇಳುವುದೇ? ನಾನು ಒಪ್ಪುವುದಿಲ್ಲ ಎಂದೆ. ಎದ್ದು ಹೋಗಿ ಪಾತ್ರೆ ತೊಳೆದೆ, ತೊಳೆದದ್ದನ್ನೇ ಮತ್ತೆ ತೊಳೆದೆ.

ನವೆಂಬರ್ 13, ಬುಧವಾರ

ಹೆಂಗಸರು ಬರುತ್ತಲೇ ಇದ್ದಾರೆ. ಅಳಲು ತಯಾರಾಗಿ ಬಂದವರಿಗೆ ನಾನು ಚಹಾ, ಬಿಸ್ಕತ್ತು ಕೊಟ್ಟರೆ ನಿರಾಸೆ. ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಹಸಿರು ಚೂಡಿದಾರ. ಗಂಡ ಸತ್ತವಳು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೆ ಇದ್ದತ್ ಕೂರಬೇಕು, ಬಣ್ಣ ಉಡಬಾರದು. "ಇದ್ದತ್ ಕೂತಿಲ್ವಾ?" ಎಂದು ಒಬ್ಬರು ಕೇಳಿಯೇಬಿಟ್ಟರು. "ಇವರು ಬಂದು ಕೇಳಿದರೆ ಎಂತ ಹೇಳಲಿ?" ಎಂದೆ. ಅವರು ಬಿಸ್ಕತ್ತು ಅರ್ಧಕ್ಕೇ ಬಿಟ್ಟು ಹೋದರು. ಬಾಯಿ ಇದ್ದವಳು ಬರಗಾಲದಲ್ಲೂ ಬದುಕಿದಳು ಎನ್ನುತ್ತಾರೆ. ನನ್ನ ಬಾಯಿ ಈಗ ಮನೆಗೆ ಬಂದವರನ್ನು ಓಡಿಸುವುದಕ್ಕೆ ಮಾತ್ರ.

ಅವರು ಹೋದ ಮೇಲೆ ಕಿಟಕಿಯ ಹತ್ತಿರದ ಮೇಜಿಗೆ ಕುಳಿತು ಕೆಲಸ ಮಾಡಿದೆ. ಕ್ಯಾಂಪಿನ ಫ್ಲೈಗಳನ್ನು ಕಟ್ಟುವವಳು ನಾನೇ. ರಜೆಯಲ್ಲಿ ಬಂದಾಗ ಇವರೇ ಕಲಿಸಿದ್ದು. ಮಾಮಿ ಅದನ್ನು "ನೊಣ ಕಟ್ಟುವುದು" ಎನ್ನುತ್ತಾರೆ. ಇರುವ ನೊಣ ಸಾಲದೆಂದು ಇವಳು ಬೇರೆ ಕಟ್ಟುತ್ತಾಳೆ ಎಂದು ನೆರೆಮನೆಯವರೊಡನೆ ತಮಾಷೆ ಮಾಡುತ್ತಿದ್ದರು.

ಬೋನ್‌ಫಿಶ್‌ಗೆ ಸಣ್ಣ ಸಿಗಡಿಯಂಥದ್ದು ಬೇಕು. ಮೊಣಕಾಲುದ್ದದ ನೀರಿನಲ್ಲಿ ಓಡಾಡುತ್ತದಂತೆ. ಮೈ ಕನ್ನಡಿಯ ಹಾಗಿದ್ದು ಎದುರಿಗಿದ್ದರೂ ಕಾಣುವುದಿಲ್ಲ, ಮರಳಿನ ಮೇಲೆ ಅದರ ನೆರಳನ್ನು ನೋಡಬೇಕು ಎನ್ನುತ್ತಾರೆ ಇವರು. ಜಿ.ಟಿ. ಎಂದರೆ ನಮ್ಮ ಕೊಕ್ಕರ್ ಮೀನಿನ ಜಾತಿಯೇ, ಆದರೆ ರಾಕ್ಷಸ. ಅದಕ್ಕೆ ಅಂಗೈಯುದ್ದದ ಗರಿಗಳ ಕಟ್ಟು. ಕ್ವೀನ್‌ಫಿಶ್‌ಗೆ ಬಿಳಿ ಕೂದಲು, ಸ್ವಲ್ಪ ಮಿಂಚು. ನಮ್ಮ ಹೂಮೀನನ್ನು ಅವರು ಮಿಲ್ಕ್‌ಫಿಶ್ ಎನ್ನುತ್ತಾರೆ. ಪಾಚಿ ಮೇಯುವ ಸಾಧು ಅದು, ಹಸಿರು ನೂಲಿನ ತುಣುಕು ಸಾಕು. ಗಾಳ ತಾಗಿದ ಮೇಲೆ ಸಾಧುವಲ್ಲವಂತೆ.

ಇವರ ಪ್ರೀತಿಯದ್ದು ಪರ್ಮಿಟ್ ಎಂಬ ಮೀನು. ದುಂಡು ಮೈ, ಕತ್ತರಿಯಂಥ ಬಾಲ, ಮಹಾ ಅನುಮಾನದ ಪ್ರಾಣಿ. ಹತ್ತಿರ ಬರುತ್ತದೆ, ನೋಡುತ್ತದೆ, ತಿರುಗಿ ಹೋಗುತ್ತದೆ. ಒಂದು ಪರ್ಮಿಟ್‌ಗಾಗಿ ವರ್ಷಗಟ್ಟಲೆ ಬರುವವರಿದ್ದಾರೆ. ಅದು ಏಡಿ ತಿನ್ನುವ ಮೀನು. ಹುಂಜದ ಕುತ್ತಿಗೆಯ ಗರಿಯನ್ನು ಅಕ್ಕಪಕ್ಕ ಹರಡಿ, ರಬ್ಬರಿನ ಕಾಲು ಕಟ್ಟಿ, ಸೀಸದ ಕಣ್ಣಿಟ್ಟು ನಾನು ಏಡಿ ಮಾಡುತ್ತೇನೆ. ಕೊನೆಗೆ ಗಾಳದ ಒಳಮುಳ್ಳನ್ನು ಇಕ್ಕಳದಲ್ಲಿ ಒತ್ತಿ ಚಪ್ಪಟೆ ಮಾಡಬೇಕು. ಆ ಮುಳ್ಳು ಉಳಿದರೆ ಬಿಡಿಸುವಾಗ ಮೀನಿನ ಬಾಯಿ ಹರಿಯುತ್ತದೆ, ಬಿಟ್ಟರೂ ಬದುಕುವುದಿಲ್ಲ. ಇವರು ಕಲಿಸಿದ ಮೊದಲ ಪಾಠ ಅದು.

ಇಷ್ಟು ಮೀನುಗಳಿಗೆ ಊಟ ಕಟ್ಟಿದ್ದೇನೆ. ಜೀವಂತ ಒಂದನ್ನೂ ಕಂಡವಳಲ್ಲ.

ನವೆಂಬರ್ 24, ಭಾನುವಾರ

ಮೂಡುಬಿದಿರೆಗೆ ಹೋಗಿ ಮುರ್ಶಿದಾಳನ್ನು ನೋಡಿ ಬಂದೆ. ಒಬ್ಬಳೇ ಮಗಳು, ಪಿಯುಸಿ ಎರಡನೇ ವರ್ಷ, ಹಾಸ್ಟೆಲಿನಲ್ಲಿದ್ದಾಳೆ. ಬಯಲುಸೀಮೆಯ ಹುಡುಗಿಯರ ಜೊತೆ ಇದ್ದು ಇವಳ ಕನ್ನಡವೂ ಅತ್ತ ವಾಲಿದೆ. "ಯಾಕೆ ಬರ್ಲಿಕ್ಕೆ ಹೋದ್ರಿ, ಫೋನ್ ಮಾಡಿದ್ರೆ ಸಾಕಿತ್ತಲ್ರೀ" ಎಂದಳು. ನಗು ಬಂತು. ನಕ್ಕದ್ದಕ್ಕೆ ನನ್ನ ಮೇಲೇ ಸಿಟ್ಟು ಬಂತು.

ಕಲ್ಲುಬೆಂಚಿನ ಮೇಲೆ ಕುಳಿತೆವು. ನಾನು ತಂದ ಉಪ್ಪಿನಕಾಯಿಯ ಬಾಟಲಿ ಮಡಿಲಲ್ಲಿಟ್ಟುಕೊಂಡು ಅವಳು ತಂದೆಯ ಬಗ್ಗೆ ಕೇಳಿದಳು, "ಉಪ್ಪ ಮಳೆಗಾಲದಲ್ಲಿ ನೇತ್ರಾವತಿ ಈಜಿ ದಾಟ್ತಿದ್ರಂತೆ, ಹೌದಾ?"

"ಹೌದು. ನಿನ್ನ ಅಜ್ಜಿ ಕೋಲು ಹಿಡಿದು ದಡದಲ್ಲಿ ಕಾಯ್ತಾ ಇದ್ರಂತೆ."

"ಹಾಗಾದ್ರೆ ಬರ್ತಾರೆ."

"ಬರ್ತಾರೆ" ಎಂದೆ.

ಕೋಣೆಯ ಹುಡುಗಿಯರಿಗೆ ಏನೂ ಹೇಳಿಲ್ಲವಂತೆ. ಉಪ್ಪ ಗಲ್ಫಿನಲ್ಲಿದ್ದಾರೆ ಎಂದಷ್ಟೇ ಹೇಳಿದ್ದಾಳಂತೆ. ಸುಳ್ಳಲ್ಲವಲ್ಲ ಎಂದಳು. ಅಲ್ಲ ಎಂದು ನಾನೂ ತಲೆಯಾಡಿಸಿದೆ. ಈ ಲೋಕದಲ್ಲಿ ನನ್ನ ಕಡೆಗೆ ಒಬ್ಬಳಾದರೂ ಇದ್ದಾಳೆ ಎಂದು ಬಸ್ಸಿನಲ್ಲಿ ಸ್ವಲ್ಪ ಸಮಾಧಾನವಾಗಿತ್ತು. ಸಿದ್ಧಕಟ್ಟೆ ದಾಟುವಷ್ಟರಲ್ಲಿ ಅದೂ ಇಳಿದುಹೋಯಿತು.

ಡಿಸೆಂಬರ್ 1, ಭಾನುವಾರ

ಶಮೀರ್ ಬಂದಿದ್ದ. ಮುಂಡಾಜೆಯ ಹುಡುಗ. ಇವರೇ ಕರೆದುಕೊಂಡು ಹೋಗಿ ಕೆಲಸ ಕಲಿಸಿದ್ದು, ಇವರನ್ನು ಅಣ್ಣನೆಂದು ನಿಝಾರ್ಚ ಎನ್ನುತ್ತಾನೆ. ಆ ದಿನ ಇವರ ಜೊತೆ ಇದ್ದವನು ಅವನೊಬ್ಬನೇ. ಇವರ ಬಟ್ಟೆಯ ಬ್ಯಾಗನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಬಂದ. ಮಾಮಿ ಅದನ್ನು ಮಡಿಲಿಗೆ ಎಳೆದುಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಕೇಳಿದೆ. ಅವನು ಹೇಳಿದ. ಮರೆಯದ ಹಾಗೆ ಬರೆದಿಡುತ್ತೇನೆ, ಮರೆಯುವುದು ಎಲ್ಲಿಂದ.

"ಗಿರಾಕಿ ಒಬ್ಬ ಮುದುಕ, ಅಕ್ಕ. ಪ್ರತಿ ವರ್ಷ ಬರ್ತಿದ್ದ, ಒಂದು ಪರ್ಮಿಟ್ ಸಿಕ್ಕಿರ್ಲಿಲ್ಲ. ಆವತ್ತು ನಿಝಾರ್ಚ ದೂರದಿಂದಲೇ ಕಂಡ್ರು. ಬಂಡೆ ಬುಡದಲ್ಲಿ ಬಾಲ ಎತ್ತಿ ಮೇಯ್ತಾ ಇತ್ತು. ಮುದುಕ ಎಸೆದ, ಕಚ್ಚಿತು. ತುಂಬಾ ಹೊತ್ತು ಎಳೆದಾಟ ಆಯ್ತು. ಮೇಲೆ ತರುವಾಗ ಮೀನು ಪೂರಾ ಸೋತಿತ್ತು."

"ಮತ್ತೆ?"

"ಫೋಟೋ ಆಯ್ತು. ಬಿಡ್ಲಿಕ್ಕೆ ನಿಝಾರ್ಚ ನೀರಿಗಿಳಿದ್ರು, ಎದೆಮಟ್ಟ. ಸೋತ ಮೀನನ್ನು ಹಾಗೇ ಬಿಟ್ರೆ ಮಗುಚಿ ಸಾಯ್ತದೆ. ಬಾಲದ ಬುಡ ಹಿಡಿದು, ತಲೆಯನ್ನು ನೀರು ಬರುವ ಕಡೆ ಮಾಡಿ ನಿಲ್ಬೇಕು. ಬಾಲ ತಾನಾಗಿ ಆಡುವವರೆಗೆ ಬಿಡ್ಬಾರ್ದು. ನಮಗೆ ಕಲಿಸಿದ್ದೇ ಅವರು. ಅಲೆ ದೊಡ್ಡದಾಗ್ತಾ ಇತ್ತು. ಸಾಕು ಬನ್ನಿ ಅಂತ ಕೂಗಿದೆ. ನಿಲ್ಲು ಮಾರಾಯ, ಅದಕ್ಕೆ ಇನ್ನೂ ಉಸಿರು ಬಂದಿಲ್ಲ ಅಂದ್ರು."

ಅಲೆ ಬದಿಯಿಂದ ಬಂತಂತೆ. ಒಂದು ಸಲ ತಲೆ ಕಂಡಿತು, ಹೊರಗಿನ ಬಂಡೆಯ ಹತ್ತಿರ. ಶಮೀರ್ ಹಾರಿದ್ದಾನೆ. ಅವನ ಭುಜಕ್ಕೆ ಹೊಲಿಗೆ ಬಿದ್ದಿದೆ, ಅಂಗಿ ಸರಿಸಿ ತೋರಿಸಿದ. ಮತ್ತೆ ಕಾಣಲಿಲ್ಲವಂತೆ.

"ಮೀನು?" ಎಂದು ಕೇಳಿದೆ. ಯಾಕೆ ಕೇಳಿದೆನೋ.

"ಹೋಯ್ತು ಅಕ್ಕ. ನಾನು ನೋಡಿದೆ. ಚೆನ್ನಾಗಿಯೇ ಹೋಯ್ತು."

ಅವನು ಅತ್ತ. ನಾನು ಅಳಲಿಲ್ಲ. ಆ ಮೀನು ಎಲ್ಲೋ ಏಡಿ ತಿನ್ನುತ್ತಾ ಸುಖವಾಗಿದೆ. ಅದರ ವಂಶ ನಿರ್ವಂಶವಾಗಲಿ.

ಡಿಸೆಂಬರ್ 4, ಬುಧವಾರ

ಏಡಿ ಕಟ್ಟುತ್ತಿದ್ದೆ. ಏಡಿ ಏನು ತಿನ್ನುತ್ತದೆ ಎಂಬುದು ಫಕ್ಕನೆ ನೆನಪಾಯಿತು. ಸತ್ತದ್ದನ್ನು ತಿನ್ನುತ್ತದೆ.

ಹಿತ್ತಲಿಗೆ ಹೋಗಿ ಮೊಣಕೈವರೆಗೂ ಸೋಪು ಹಚ್ಚಿ ಕೈ ತೊಳೆದೆ.

ಡಿಸೆಂಬರ್ 19, ಗುರುವಾರ

ಗರಿ ಮುಗಿದಿತ್ತು. ಕಟ್ಟುವುದನ್ನು ಬಿಡಬಹುದಿತ್ತು, ಆದರೆ ಕೈ ಸುಮ್ಮನಿದ್ದರೆ ತಲೆ ಸುಮ್ಮನಿರುವುದಿಲ್ಲ. ಬಿ.ಸಿ. ರೋಡಿನಿಂದ ಬೆಳ್ತಂಗಡಿಯ ಬಸ್ಸು ಹಿಡಿದು ಲಾಯಿಲಕ್ಕೆ ಹೋದೆ. ಅಲ್ಲಿ ಮುಂಡಪ್ಪಣ್ಣ ಅಂಕಕ್ಕೆ, ಅಂದರೆ ಕೋಳಿ ಕಾಳಗಕ್ಕೆ, ಹುಂಜ ಸಾಕುತ್ತಾರೆ. ಕೋಳಿ ಸತ್ತರೆ ಕುತ್ತಿಗೆಯ ಗರಿಯನ್ನು ತೊಳೆದು, ಒಣಗಿಸಿ, ಬಣ್ಣದ ಪ್ರಕಾರ ಬೇರೆ ಮಾಡಿ ನನಗಾಗಿ ಇಡುತ್ತಾರೆ. ತಮ್ಮ ಹುಂಜ ಅಂಕದಲ್ಲಿ ಸೋತರೂ ಒಮಾನಿನಲ್ಲಿ ಗೆಲ್ಲುತ್ತದೆ ಎಂದು ಅವರ ಹಳೆಯ ಜೋಕು. ಇವತ್ತು ಅದನ್ನು ಹೇಳಲಿಲ್ಲ.

ನಾನೇ ಮಾತು ತೆಗೆದೆ. ಅವರ ತಮ್ಮ ಒಂದು ನೆರೆಯಲ್ಲಿ ಹೊಳೆಯ ಪಾಲಾದವನು, ಹೆಣ ಸಿಗಲಿಲ್ಲ. ಆಗ ಏನು ಮಾಡಿದಿರಿ ಎಂದು ಕೇಳಿದೆ.

"ದರ್ಭೆಯಲ್ಲಿ ಒಂದು ಬೊಂಬೆ ಮಾಡಿ ಸುಟ್ಟೆವು ಸಜ್ನಕ್ಕ. ನಾನೇ ಬೆಂಕಿ ಕೊಟ್ಟದ್ದು."

"ಮತ್ತೆ ಮನಸ್ಸಿಗೆ ಸಮಾಧಾನ ಆಯ್ತಾ?"

ಅವರು ಗರಿಗಳನ್ನು ಪೇಪರಿನಲ್ಲಿ ಸುತ್ತುತ್ತಾ ಇದ್ದರು. "ಸುಳ್ಳು ಎಂತಕ್ಕೆ ಹೇಳ್ಲಿ. ಈಗಲೂ ಕೆಲವು ಸಲ ಬಸ್ಸಿನಲ್ಲಿ ಅವನೇ ಕೂತ ಹಾಗೆ ಕಾಣ್ತದೆ. ಎದ್ದು ಹೋಗಿ ಮುಖ ನೋಡಿ ಬಂದದ್ದುಂಟು" ಎಂದರು.

ಸುಳ್ಳಾದರೂ ಹೇಳಬಾರದಿತ್ತೇ ಎನ್ನಿಸಿತು. ವಾಪಸು ಬರುವಾಗ ಬಸ್ಸಿನ ತುಂಬಾ ಗಂಡಸರು. ನಾನು ಗುರುವಾಯನಕೆರೆಯಿಂದ ಬಿ.ಸಿ. ರೋಡಿನವರೆಗೆ ಕಿಟಕಿಯ ಹೊರಗೇ ನೋಡಿದೆ.

ಜನವರಿ 5, 2025, ಭಾನುವಾರ

ಮಾಮಿ ಮೀನು ತಿನ್ನುವುದನ್ನು ಬಿಟ್ಟು ಎಷ್ಟೋ ದಿನವಾಯಿತು. ಬೂತಾಯಿ ಪುಳಿಮುಂಚಿ ಇಲ್ಲದೆ ಅನ್ನ ಇಳಿಯದಿದ್ದ ಹೆಂಗಸು, ಈಗ ಬರೀ ಗಂಜಿ, ಉಪ್ಪಿನಕಾಯಿ. ಇವತ್ತು ಗೇಟಿನ ಹತ್ತಿರ ಮೀನಿನವನ ಸ್ಕೂಟರಿನ ಹಾರ್ನ್ ಕೇಳಿತು. ಹಟಕ್ಕೆ ಬಂಗುಡೆ ತೆಗೆದುಕೊಂಡೆ, ಹುರಿದೆ, ಅವರ ಬಟ್ಟಲಿಗೆ ಹಾಕಿದೆ. ಅವರು ಬಟ್ಟಲನ್ನು ದೂರ ಸರಿಸಿದರು.

"ಬೇಡ. ಯಾವ ಮೀನು ಎಂತ ತಿಂದುಂಟೋ."

ನನಗೆ ಬಂದ ಸಿಟ್ಟು ಎಲ್ಲಿತ್ತೋ. "ನಿಮಗೆ ನಿಮ್ಮ ಮಗ ಸಾಯಬೇಕು ಅಂತಲೇ ಉಂಟು. ಎಷ್ಟು ಅವಸರ ನಿಮಗೆ" ಎಂದೆ.

ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದರು. "ಅವನಿಗೆ ಮೀಯಿಸಲಿಲ್ಲ. ಕಫನ್ ಹೊದೆಸಲಿಲ್ಲ. ಮಣ್ಣು ಹಾಕಲು ಖಬರ್ ಇಲ್ಲ. ಒಂದು ನಮಾಝ್ ಉಂಟು, ಅದು ನಮ್ಮ ಕೈಯಲ್ಲಿ ಉಂಟು. ಅದನ್ನೂ ನೀನು ಹಿಡಿದುಕೊಂಡು ಕೂತಿದ್ದೀ. ಉಪವಾಸದ ತಿಂಗಳು ಬರುವ ಮೊದಲಾದರೂ ಬಿಡು. ಹೆತ್ತವಳು ಕೇಳ್ತಿದ್ದೇನೆ."

ಬಟ್ಟಲನ್ನು ಎತ್ತಿಕೊಂಡು ಒಳಗೆ ಬಂದೆ. ಬಂಗುಡೆಯನ್ನು ನಾನೂ ತಿನ್ನಲಾರದೆ ಹೋದೆ. ಬೆಕ್ಕಿಗೆ ಹಾಕಿದೆ.

ಜನವರಿ 10, ಶುಕ್ರವಾರ

ನಾವಿಬ್ಬರೂ ಮಾತಾಡುವುದಿಲ್ಲ. ಒಂದೇ ಒಲೆ, ಒಂದೇ ಬಚ್ಚಲು, ಒಂದೇ ದುಃಖ.

ಜನವರಿ 16, ಗುರುವಾರ

ಶಮೀರ್ ಕ್ಯಾಂಪಿಗೆ ಮರಳುತ್ತಿದ್ದಾನೆ. ಅವನ ತಾಯಿ ಬೇಡ ಎಂದು ಅತ್ತರಂತೆ, ಆದರೆ ಬೇರೆ ಯಾವ ಕೆಲಸವೂ ಬಾರದು ಎನ್ನುತ್ತಾನೆ. ಕಟ್ಟಿದ ಫ್ಲೈಗಳನ್ನು ಕೊಂಡುಹೋಗಲು ಬಂದ. ಪೆಟ್ಟಿಗೆ ಕೊಟ್ಟೆ. ತೆರೆದು ನೋಡಿದ, ಒಂದು ಏಡಿಯನ್ನು ಎತ್ತಿ ಚೆನ್ನಾಗಿದೆ ಎಂದ. ಬೆರಳನ್ನು ಗಾಳದ ಮೇಲೆ ಆಡಿಸಿದವನು ನಿಂತುಬಿಟ್ಟ. ಇನ್ನೊಂದನ್ನು ಎತ್ತಿದ, ಮತ್ತೊಂದನ್ನು.

"ಅಕ್ಕ, ಮುಳ್ಳು ಒತ್ತಿಲ್ಲ."

"ಯಾವುದಕ್ಕೆ?"

"ಯಾವುದಕ್ಕೂ ಇಲ್ಲ."

ನಂಬಲಿಲ್ಲ. ಪೆಟ್ಟಿಗೆ ಕಿತ್ತುಕೊಂಡು ಕಿಟಕಿಯ ಬೆಳಕಿಗೆ ಹಿಡಿದೆ. ಹೌದು. ಸುದ್ದಿ ಬಂದ ಮೇಲೆ ಕಟ್ಟಿದ ಎಲ್ಲದರಲ್ಲೂ ಮುಳ್ಳು ಎದ್ದು ನಿಂತಿದೆ. ಇಕ್ಕಳ ಮೇಜಿನ ಮೇಲೆಯೇ ಇತ್ತು. ದಿನಾ ಅದನ್ನು ಸರಿಸಿ ಕಸ ಗುಡಿಸುತ್ತಿದ್ದೆ. ಒಮ್ಮೆಯೂ ಕೈಗೆತ್ತಿಕೊಂಡ ನೆನಪಿಲ್ಲ.

ಕೂತು ಒತ್ತಿಕೊಡುತ್ತೇನೆ ಎಂದೆ. ಇಕ್ಕಳ ಮುಳ್ಳನ್ನು ಬಿಟ್ಟು ಗರಿಯನ್ನೇ ಕಚ್ಚಿತು. "ಇರಲಿ, ನಾನು ಅಲ್ಲಿ ಒತ್ತಿಕೊಳ್ತೇನೆ" ಎಂದು ಶಮೀರ್ ಪೆಟ್ಟಿಗೆ ಮುಚ್ಚಿದ. ಅವನು ನನ್ನ ಮುಖ ನೋಡಿದ ರೀತಿ ನನಗೆ ಹಿಡಿಸಲಿಲ್ಲ. ಕಣ್ಣಿನ ದೋಷ ಇರಬಹುದು, ವಯಸ್ಸಾಯಿತು, ಕನ್ನಡಕ ಮಾಡಿಸಬೇಕು.

ಜನವರಿ 26, ಭಾನುವಾರ

ಮೂಡುಬಿದಿರೆ. ಹಾಸ್ಟೆಲಿನ ವಾರ್ಡನ್ ಸ್ವರ್ಣಲತಾ ಮೇಡಂ ಗೇಟಿನಲ್ಲೇ ಸಿಕ್ಕಿದರು. ಮುಖ ತುಂಬಾ ನಗು. "ಮುರ್ಶಿದಾ ಹೇಳಿದಳು. ಪರೀಕ್ಷೆ ಮುಗಿಯುವಾಗ ತಂದೆ ಬರ್ತಾರಂತೆ ಅಲ್ವಾ? ಪ್ರತಿ ಶುಕ್ರವಾರ ಫೋನ್ ಮಾಡ್ತಾರಂತೆ. ಎಷ್ಟು ಪ್ರೀತಿ ನೋಡಿ" ಎಂದರು. ಹೂಂ ಎಂದೆ. ಬೇರೇನು ಹೇಳಲಿ?

ಮಗಳನ್ನು ಬಸ್ ನಿಲ್ದಾಣದ ಹತ್ತಿರದ ಹೋಟೆಲಿಗೆ ಕರೆದುಕೊಂಡು ಹೋಗಿ, ಗೋಳಿಬಜೆ ತರಿಸಿ, ಕೇಳಿದೆ.

"ಶುಕ್ರವಾರ ಯಾರ ಹತ್ತಿರ ಮಾತಾಡ್ತೀ?"

ಅವಳು ತಲೆ ತಗ್ಗಿಸಲಿಲ್ಲ. ಮೆಟ್ಟಿಲ ಮೇಲೆ ಕುಳಿತು ಫೋನನ್ನು ಕಿವಿಗೆ ಹಿಡಿದುಕೊಳ್ಳುತ್ತಾಳಂತೆ. ಮೊದಲು ಹುಡುಗಿಯರಿಗೆ ತೋರಿಸಲಿಕ್ಕೆ. ಈಗ ಯಾರೂ ಇಲ್ಲದಾಗಲೂ. "ಉಪ್ಪ ನನಗೆ ಬೋನ್‌ಫಿಶ್ ಹೇಗೆ ಹುಡುಕೋದು ಅಂತ ಹೇಳಿಕೊಟ್ರು" ಎಂದಳು. ಕಣ್ಣು ಹೊಳೆಯುತ್ತಿತ್ತು. ನನಗೆ ಹೆದರಿಕೆಯಾಯಿತು. ಇಷ್ಟು ಹೆದರಿಕೆ ಫೋನ್ ಬಂದ ದಿನವೂ ಆಗಿರಲಿಲ್ಲ.

"ಹಾಗೆಲ್ಲ ಮಾಡಬಾರದು ಮಗಾ."

"ನೀವೇ ಹೇಳಿದ್ದಲ್ವಾ ಉಮ್ಮ, ಬರ್ತಾರೆ ಅಂತ?"

ಸುತ್ತ ಜನ. ಹೋಟೆಲಿನವನು ಬಿಲ್ ತಂದಿಟ್ಟ. ಊರವರ ಬಾಯಿ ಮುಚ್ಚಿಸಿದ ನಾನು ಹದಿನೇಳರ ಹುಡುಗಿಯ ಎದುರು ಬಿಲ್ಲಿನ ಅಂಕೆಗಳನ್ನೇ ಓದಿದೆ. ಗೋಳಿಬಜೆಯನ್ನು ಕಟ್ಟಿಸಿ ಅವಳ ಕೈಗೆ ಕೊಟ್ಟು ಬಸ್ಸು ಹತ್ತಿದೆ. ನನ್ನ ಹಟ ನನ್ನನ್ನು ತಿಂದರೆ ತಿನ್ನಲಿ. ಅದು ಮಗುವನ್ನು ತಿನ್ನುತ್ತಿದೆ. ನಾನೇ ಅದನ್ನು ಅವಳ ಕೈಗೆ ಕೊಟ್ಟು ಬಂದಿದ್ದೆ, ಉಪ್ಪಿನಕಾಯಿಯ ಬಾಟಲಿಯ ಜೊತೆಗೆ.

ಫೆಬ್ರವರಿ 3, ಸೋಮವಾರ

ನಿಝಾಮನನ್ನು ಕರೆದು ಹೇಳಿದೆ. ಉಸ್ತಾದರ ಹತ್ತಿರ ಮಾತಾಡು, ನಾನು ಅಡ್ಡ ಬರುವುದಿಲ್ಲ ಎಂದು. ಅವನು "ಅತ್ತಿಗೆ..." ಎಂದು ಏನೋ ಶುರು ಮಾಡಿದ. ಬೇಡ ಎಂದು ಕೈ ತೋರಿಸಿದೆ.

ನಂಬಿದ್ದೇನೆ ಎಂದು ಯಾರೂ ತಿಳಿಯಬಾರದು. ನಂಬಿಲ್ಲ. ಮಾಮಿಯ ಆಸೆ ತೀರಬೇಕು, ಮಗಳ ತಲೆ ನೆಟ್ಟಗಿರಬೇಕು, ಅಷ್ಟಕ್ಕೆ ಒಪ್ಪಿದ್ದೇನೆ. ಇವರು ಬಂದರೆ ನಾನೇ ಎದುರು ನಿಂತು ತಪ್ಪಾಯಿತು ಎನ್ನುತ್ತೇನೆ.

ಫೆಬ್ರವರಿ 14, ಶುಕ್ರವಾರ

ಶಮೀರ್ ಫೋನಿನಲ್ಲಿ ಉಸ್ತಾದರಿಗೆ ಎಲ್ಲ ಹೇಳಿದನಂತೆ. ಉಸ್ತಾದರು ಮನೆಗೆ ಬಂದು ಪರದೆಯ ಆಚೆ ಕುಳಿತು, "ಒಪ್ಪಿಗೆ ಉಂಟಲ್ಲ?" ಎಂದು ನನ್ನನ್ನು ಕೇಳಿದರು. ಉಂಟು ಎಂದೆ. ನನ್ನ ಧ್ವನಿ ಪಕ್ಕದ ಮನೆಯಿಂದ ಬಂದ ಹಾಗಿತ್ತು. ಬರುವ ಶುಕ್ರವಾರಕ್ಕೆ ನಿಶ್ಚಯವಾಯಿತು. ಅಂದಿನಿಂದ ನಾನು ಇದ್ದತ್ ಕೂರುವುದು.

ಮಾಮಿಗೆ ಹೊಸ ಜೀವ ಬಂದಿದೆ. ಮನೆಯ ಮೂಲೆಮೂಲೆ ಗುಡಿಸಿದರು, ಚಾಪೆಗಳನ್ನು ಬಿಸಿಲಿಗೆ ಹಾಕಿಸಿದರು. ಸತ್ತವರಿಗಾಗಿ ಕುರಾನಿನ ಯಾಸೀನ್ ಓದಲು ಯಾರನ್ನು ಕರೆಯಬೇಕು, ಬಂದವರಿಗೆ ಏನು ಕೊಡಬೇಕು ಎಂದು ನಿಝಾಮನ ಬೆನ್ನು ಬಿಡುತ್ತಿಲ್ಲ. ಮಗನ ಮದುವೆಯ ಹಿಂದಿನ ವಾರವೂ ಹೀಗೇ ಇದ್ದರು ಎಂದು ನೆನಪಾಯಿತು. ರಾತ್ರಿ ನನ್ನ ತಲೆ ಸವರಿದರು. ನನಗೆ ಏನೂ ಅನ್ನಿಸಲಿಲ್ಲ. ಕಲ್ಲಿಗೂ ಸವರಿದರೆ ಹೀಗೇ ಇರಬಹುದು.

ಫೆಬ್ರವರಿ 20, ಗುರುವಾರ

ಮುರ್ಶಿದಾಳನ್ನು ಕರೆದುಕೊಂಡು ಬಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ನಾನು ಹೇಳಲೂ ಇಲ್ಲ. ಬಸ್ಸಿನ ಇಡೀ ದಾರಿ ಅವಳು ನನ್ನ ಭುಜಕ್ಕೆ ಒರಗಿ ನಿದ್ದೆ ಮಾಡಿದಳು. ಅಥವಾ ನಿದ್ದೆಯ ನಟನೆ ಮಾಡಿದಳು.

ಫೆಬ್ರವರಿ 21, ಶುಕ್ರವಾರ

ಗಂಡಸರೆಲ್ಲ ಮಸೀದಿಗೆ ಹೋದರು. ಒಳಕೋಣೆಯಲ್ಲಿ ಹೆಂಗಸರು ಯಾಸೀನ್ ಓದುತ್ತಿದ್ದರು. ಮಾಮಿ ಬಿಳಿ ಮುಸುಕು ಹೊದ್ದು ಜಗಲಿಯ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದರು. ನಾನು ಬಾಗಿಲ ಹತ್ತಿರ ಇದ್ದೆ, ಮುರ್ಶಿದಾ ನನ್ನ ಹಿಂದೆ. ಖುತುಬಾದ ಪ್ರವಚನ ಮುಗಿಯಿತು, ನಮಾಝ್ ಮುಗಿಯಿತು. ಮೈಕಿನಲ್ಲಿ ಉಸ್ತಾದರ ಧ್ವನಿ ಬಂತು, ಮೊದಲು ತೀರಿಹೋದ ಮಾವನ ಹೆಸರು. ಮರ್ಹೂಂ ಉಮ್ಮರ್ ಅವರ ಮಗ ನಿಝಾರ್ ಅವರ ಮಯ್ಯಿತ್ ನಮಾಝ್, ಯಾರೂ ಹೋಗಬೇಡಿ, ಸಾಲು ಸರಿ ಮಾಡಿ ಎಂದರು.

ಮಾಮಿ ಎದ್ದರು. ಮೊದಲು ಅರ್ಥವಾಗಲಿಲ್ಲ. ಜಗಲಿ ಇಳಿದರು, ಅಂಗಳ ದಾಟಿದರು, ಬರಿಗಾಲಲ್ಲಿ, ಮುಸುಕು ಜಾರಿ ಹಿಂದೆ ಬಿದ್ದಿತು. ಗೇಟಿನ ಹತ್ತಿರ ಅವರನ್ನು ಹಿಡಿದೆ.

"ನಿಲ್ಲಿಸಲಿಕ್ಕೆ ಹೇಳು ಸಜ್ನಾ."

"ಮಾಮಿ, ಒಳಗೆ ಹೋಗುವ."

"ಯಾರು ಹೇಳಿದ್ದು ಇವರಿಗೆ? ಬದುಕಿರುವವನಿಗೆ ಯಾರಾದರೂ ಮಯ್ಯಿತ್ ನಮಾಝ್ ಮಾಡ್ತಾರಾ? ಅವನು ಈಜ್ತಾನೆ. ನಿನಗೆ ಗೊತ್ತುಂಟು, ನೀನೇ ಹೇಳಿದ್ದಲ್ಲವಾ. ನಾನು ನಿನ್ನ ಮಾತು ಕೇಳಬೇಕಿತ್ತು. ನಿಝಾಮನಿಗೆ ಫೋನ್ ಮಾಡು. ನೀನು ಹೇಳಿದರೆ ನಿಲ್ಲಿಸ್ತಾರೆ, ನೀನು ಹೆಂಡತಿ."

ಇಷ್ಟು ದಿನ ಈ ಮಾತಿಗಾಗಿಯೇ ನಾನು ಒಬ್ಬಳೇ ಒದ್ದಾಡಿದ್ದು. ಈಗ ಹೌದು ಎಂದಿದ್ದರೆ ಇಬ್ಬರಾಗುತ್ತಿದ್ದೆವು. ಇಬ್ಬರೂ ಸೇರಿ ಕಾಯಬಹುದಿತ್ತು.

ಅವರ ಎರಡೂ ತೋಳುಗಳನ್ನು ಹಿಡಿದುಕೊಂಡೆ. ಎಲುಬು ಮಾತ್ರ ಕೈಗೆ ಸಿಕ್ಕಿತು. ಮೈಕಿನಲ್ಲಿ ಅಲ್ಲಾಹು ಅಕ್ಬರ್ ಎಂದರು. ಮಯ್ಯಿತ್ ನಮಾಝಿನಲ್ಲಿ ಬಾಗುವುದಿಲ್ಲ, ಹಣೆ ಊರುವುದಿಲ್ಲ, ನಿಂತಲ್ಲೇ ಮುಗಿಯುತ್ತದೆ. ಸಮಯವಿರಲಿಲ್ಲ.

"ಇಲ್ಲ ಮಾಮಿ. ಅವರು ಸತ್ತಿದ್ದಾರೆ" ಎಂದೆ.

ಹಿಂದೆ ಮುರ್ಶಿದಾಳಿಂದ ಒಂದು ಸದ್ದು ಬಂತು. ಚಿಕ್ಕಂದಿನಲ್ಲಿ ಬಿದ್ದಾಗ, ಅಳು ಬರುವ ಮೊದಲು ಬರುತ್ತಿದ್ದ ಸದ್ದು. ತಿರುಗಿ ನೋಡಲಿಲ್ಲ. ಮಾಮಿಯನ್ನು ಬಿಟ್ಟರೆ ರಸ್ತೆಗೆ ಓಡುತ್ತಿದ್ದರು.

"ಯಾರು ಹೇಳಿದ್ದು ನಿನಗೆ?" ಎಂದು ಮಾಮಿ ಕೇಳಿದರು.

"ನಾನು ಹೇಳ್ತಾ ಇದ್ದೇನೆ."

ಅವರು ನನ್ನ ಮುಖವನ್ನು ನೋಡಿದರು. ಈ ಮನೆಗೆ ಬಂದ ಮೇಲೆ ಅವರು ನನ್ನನ್ನು ಹಾಗೆ ನೋಡಿದ್ದಿಲ್ಲ. ಸಲಾಂ ಹೇಳಿ ನಮಾಝ್ ಮುಗಿಸಿದ್ದು ಮೈಕಿನಲ್ಲಿ ಕೇಳಿತು. ತೋಳು ಕೊಡವಿ ಬಿಡಿಸಿಕೊಂಡು, ಬಿದ್ದ ಮುಸುಕನ್ನು ತಾವೇ ಎತ್ತಿಕೊಂಡು ಒಳಗೆ ಹೋದರು. ಸಂಜೆಯವರೆಗೂ ನಾನು ಕೊಟ್ಟ ನೀರನ್ನು ಮುಟ್ಟಲಿಲ್ಲ. ಮುರ್ಶಿದಾ ಕೊಟ್ಟರೆ ಕುಡಿದರು. ಮಗನನ್ನು ನಾನೇ ಕೊಂದ ಹಾಗೆ ನನ್ನ ಕಡೆ ಬೆನ್ನು ಹಾಕಿ ಮಲಗಿದ್ದಾರೆ.

ಇರಲಿ. ಮಾಮಿಯಾದರೂ ಸಮುದ್ರದ ಮೇಲೆ ಎಷ್ಟೆಂದು ಸಿಟ್ಟು ಮಾಡುವುದು, ಅದಕ್ಕೆ ಕೇಳಿಸುವುದಿಲ್ಲ. ನಾನಾದರೆ ಪಕ್ಕದ ಕೋಣೆಯಲ್ಲೇ ಇದ್ದೇನೆ.